ಮೂರನೇ ಸಾಲಿನ ಜೋಳ

ಮೂಡಲಗಿ
ತಾ. 14-10-2024

ಶೈಲಾ,

ಮೊದಲ ‘ಮೈ ಡಿಯರ್ ಡಾಟರ್' ಅಂತ ಬರದು ಗೀಟು ಹೊಡದೆ. ಗೋಕಾಕ ಕಾಲೇಜಿನ್ಯಾಗ ಪತ್ರ ಬರಿಯೂದು ಕಲಿಸಿದ ಮಾಸ್ತರು ಹಂಗ ಸುರು ಮಾಡಸತಿದ್ದರು. ಬಿ.ಎಸ್ಸಿ. ಎರಡನೇ ವರ್ಷಕ್ಕ ಬಿಟ್ಟು ಬಂದವನ ತಲ್ಯಾಗ ಅದೊಂದ ಗಟ್ಟಿ ಉಳದೈತಿ. ಐ ಆಮ್ ಕ್ವೈಟ್ ವೆಲ್ ಹಿಯರ್. ನೀನೂ ಆರಾಮ ಇದ್ದೀ ಅಂತ ತಿಳಕೊಂಡೇನಿ.

ಫೋನ್ ಇರುವಾಗ ಮಾವ ಕಾಗದ ಯಾಕ ಬರದಾನ ಅಂತ ಅಳಿಯದೇವರು ಓಂಕಾರ ನಗಬಹುದು. ಇಲ್ಲೆ ಗೇಟಿನ್ಯಾಗ ಶೆಟ್ಟೆಪ್ಪ ಅನ್ನೂ ವಾಚಮನ್ ಎಲ್ಲಾರ ಫೋನೂ ಇಸಗೊಂಡು ಡಬ್ಬಿಗಿ ಹಾಕಿ ಕೀಲಿ ಜಡಿತಾನ. ಒಳಗಿನ ಬೆಳಿ ಫೋಟೋ ಹೊರಗ ಹೋಗಬಾರದಂತ. ಆಫೀಸಿನ್ಯಾಗ ಒಂದು ಫೋನ್ ಐತಿ ಖರೆ, ಅದು ಅಕೌಂಟೆಂಟನ ಮೂಗಿನ ಮುಂದ. ಬಸರ ಮಗಳನ್ನ ‘ಹೆಂಗದಿ' ಅಂತ ಅವರೆಲ್ಲಾರ ಎದುರಿಗಿ ಕೇಳಾಕ ನನಗ ಬಾಯಿ ಬರೂದಿಲ್ಲ. ಹೊರಗ ಹೋಗೂ ಹಂಗೂ ಇಲ್ಲ. ಸುತ್ತಲಿನ ಹೊಲದ ಹುಳಾ, ರೋಗಾ ನಮ್ಮ ಅಂಗಿ ಅರಿವ್ಯಾಗ ಹತ್ತಿ ಬರತಾವಂತ. ಒಳಗ ಬಂದವ ಬೆಳಿ ಮುಗಿಯೂತನಕಾ ಒಳಗ.

ಈ ಸಂಶೋಧನಾ ಕೇಂದ್ರದಾಗ ಒಂದು ಗಾಜಿನ ಮನಿ ಐತಿ, ನಮ್ಮ ಕೌಜಲಗಿ ಸಾಲಿ ಮೈದಾನದಷ್ಟು. ಒಳಗ ಜೋಳ, ಆದರ ನೆಲದಾಗಲ್ಲ, ಕುಂಡದಾಗ. ಸಾಲಿಗೊಂದು ತಳಿ, ಕುಂಡಕ್ಕೊಂದು ಚೀಟಿ. ಕೆಳಗ ರಬ್ಬರಿನ ಪಟ್ಟಾ. ಹೊತ್ತು ಏರಿದ ಮ್ಯಾಲ ಆ ಪಟ್ಟಾ ತಿರಗಾಕ ಹತ್ತತೈತಿ. ಕುಂಡಗೋಳು ಒಂದರ ಹಿಂದ ಒಂದು, ಪ್ರಾರ್ಥನಾಕ್ಕ ಹೊಂಟ ಹುಡುಗರಂಗ ಕ್ಯಾಮರಾ ಕೋಣಿಗಿ ಹೋಗತಾವ. ಅಲ್ಲೆ ಯಂತ್ರ ಸುತ್ತಲಿಂದ ಫೋಟೋ ಹೊಡದು ಗಿಡ ಎಷ್ಟು ಎತ್ತರ ಆತು, ದಂಟು ಎಷ್ಟು ದಪ್ಪ ಆತು, ಎಲಿ ಬಾಡೇತೋ ಇಲ್ಲೋ ಎಲ್ಲಾ ತಾನ ಅಳದುಕೊಂಡು, ತೂಕಾ ನೋಡಿ ಬೇಕಾದಷ್ಟ ನೀರು ಬಿಟ್ಟು, ತಿರುಗಿ ಅದರ ಜಾಗಾಕ ತಂದು ನಿಲ್ಲಸತೈತಿ. ಹಿಂಗಾರಿ ಜೋಳ ತೆನಿ ತುಂಬಿದ ಮ್ಯಾಲ ಗಾಳಿಗಿ ನೆಲಾ ಹಿಡಿತೈತಲ್ಲ, ಹಂಗ ಬೀಳದಂಥಾ ತಳಿ ಯಾವದು ಅಂತ ಹುಡಕಾಕತ್ತಾರ.

ನನ್ನ ಕೆಲಸಾ ಅಂದ್ರ ಪಟ್ಟಾದಾಗ ಕುಂಡ ಸಿಕ್ಕೊಂಡ್ರ ಬಿಡಿಸಿ ಕೊಡೂದು. ಅವು ಎಲ್ಲಿ ಸಿಕ್ಕೋತಾವ. ಉಳದ ಹೊತ್ತು ಮೂರನೇ ಸಾಲಿನ ಬಾಜೂ ಇರೂ ಕಾಲದಾರ್ಯಾಗ ಅಡ್ಡಾಡತೇನಿ, ಬ್ಯಾರೆ ಸಾಲು ಕೈಗಿ ನಿಲುಕೂದಿಲ್ಲ. ಹೊಲದಾಗ ಹೋದಂಗ ಎಲಿ ಮ್ಯಾಲ ಅಂಗೈ ಆಡಿಸಿಕೋತ ಹೋದ್ರ ಜೀವಕ್ಕ ಒಂಥರಾ ಸಮಾಧಾನ. ಭಾಗ್ಯಾ ಮೇಡಂ ಅಂತ ಸೈಂಟಿಸ್ಟ್ ಅದಾರ, ನಿನ್ನ ವಾರಿಗಿಯವರು. ಕಾಕಾ ಕಾಕಾ ಅಂತಾರ.

ಸಂಕ್ರಮಣಕ್ಕ ಇದೆಲ್ಲಾ ಮುಗಿತೈತಿ. ನಿನ್ನ ಚೊಚ್ಚಲ ಹೆರಿಗಿ ತವರಿನ್ಯಾಗ ಆಗಬೇಕು, ಅದರಾಗ ಎರಡು ಮಾತಿಲ್ಲ. ನಿಮ್ಮವ್ವ ಇದ್ದಿದ್ದರ ಹೆಂಗ ಆಗತಿತ್ತೋ ಹಂಗ. ನಾ ಹೊರಗ ಬಂದು, ಕೌಜಲಗಿ ಮನಿ ತಗದು, ಸಾರಿಸಿ, ಹಸರು ಸೀರಿ ತಗೊಂಡು ಏಳನೇ ತಿಂಗಳದ ಕುಬಸಕ್ಕ ಹುಕ್ಕೇರಿಗಿ ಬಂದು ನಿನ್ನ ಕರಕೊಂಡು ಹೋಗತೇನಿ. ಚಿಂತಿ ಬಿಡು.

ಯುವರ್ ಒಬೀಡಿಯಂಟ್ ಫಾದರ್,
ಕಾಶಿನಾಥ


ಹುಕ್ಕೇರಿ
ತಾ. 28-10-2024

ಅಪ್ಪಾ, ಶರಣು.

ಒಬೀಡಿಯಂಟ್ ಅಂದ್ರ ಹೇಳಿದ ಮಾತು ಕೇಳುವವ. ಅದನ್ನ ಮಗಳು ಬರೀಬೇಕು, ಅಪ್ಪ ಅಲ್ಲ. ಇವರು ಓದಿ ಬಿದ್ದು ಬಿದ್ದು ನಕ್ಕರು. ‘ಮಾವಾರು ಬರದಂಗ ನಡಕೊಂಡ್ರ ನಿಂದ ಪುಣ್ಯಾ' ಅಂದರು.

ವಾಂತಿ ನಿಂತಾವ. ಸಾಲಿಗಿ ಹೋಗಿ ಕಲಿಸಿ ಬರತೇನಿ. ಕಾಲು ಒಂದೀಟು ಬಾತಾವ, ನಿಂತು ಕಲಿಸೂದಕ್ಕ ಹಂಗಾಗತೈತಿ ಅಂತಾರ. ಇವರು ಮೋಟರ್ ವೈಂಡಿಂಗ್ ಅಂಗಡಿ ಲಗೂ ಮುಚ್ಚಿ ಬಂದು ನನ್ನ ಕೊಡಾ ತುಂಬಿ ಇಡತಾರ. ಅದನ್ನ ನೋಡಿ ನಮ್ಮ ಅತ್ತಿಯಾರು, ‘ನಿಮ್ಮಪ್ಪಗೂ ನಾವು ಬಸರಿದ್ದಾಗ ಇಷ್ಟು ಬುದ್ಧಿ ಇದ್ದಿದ್ದರ' ಅಂತ ಮಗಗ ಕೇಳೂ ಹಂಗ ಗ್ವಾಡಿಗಿ ಹೇಳತಾರ.

ನಿನಗೊಂದು ಮಾತು ಕೇಳೂದೈತಿ. ಅತ್ತಿಯಾರು ದಿನಾ ಒಮ್ಮೆ, ‘ತವರಿಗಿ ಕಳಸತೇನವಾ, ಅಲ್ಲೆ ಹೆಣಮಕ್ಕಳು ಯಾರದಾರ? ಬಾಗಲಕ್ಕ ಹಾಕಿದ ಕೀಲಿ ಬಾಣಂತನಾ ಮಾಡತೈತೇನು?' ಅಂತಾರ. ನಗಾಡಿಕೋತ ಅಂತಾರ, ನಗೂದು ತುಟಿಗಷ್ಟ. ಮಸಗುಪ್ಪಿ ಕೆಂಚವ್ವ ಚಿಗವ್ವ ಬರತಾಳ, ಅವ್ವನ ಒಡಹುಟ್ಟಿದಾಕಿ, ಅಪ್ಪ ಆಗಲೇ ಕೇಳ್ಯಾನ ಅಂತ ನಾ ಹೇಳಿಬಿಟ್ಟೇನಿ. ಕೇಳಿದಿಯಲ್ಲಪಾ? ಇಲ್ಲಂದ್ರ ಲಗೂ ಕೇಳು. ಆಕಿಗೂ ತನ್ನ ಸಂಸಾರ ಐತಿ.

ಕುಬಸ ಸಂಕ್ರಮಣ ಆದ ವಾರಕ್ಕ ಅಂತ ಹಿಡದಾರ. ನೀ ಬಂದ ಮ್ಯಾಲನ ದಿನಾ ಗೊತ್ತ ಮಾಡೂನು ಅಂತ ನಾ ಹಟಾ ಹಿಡದೇನಿ.

ಶೈಲಾ


ಮೂಡಲಗಿ
ತಾ. 21-11-2024

ಶೈಲಾ,

ನಿನ್ನ ಕಾಗದ ಮುಟ್ಟಿ ಭಾಳ ದಿನಾ ಆತು. ಬರಿಯಾಕ ಕುಂಡರಬೇಕು ಅನ್ನೂದರಾಗ ಇಲ್ಲೆ ದೊಡ್ಡ ಗದ್ದಲ, ಅಂದ್ರ ಸಂತೋಷದ ಗದ್ದಲ. ವೆರಿ ಗುಡ್ ನ್ಯೂಸ್. ನಮ್ಮ ಮೂರನೇ ಸಾಲು ಗೆದ್ದೈತಿ.

ಹೆಂಗ ಅಂತಿ? ಉಳದ ಸಾಲಿನ ಜೋಳ ಎದಿಮಟಾ ಎದ್ದು ಸಣಕಲಾಗಿ ನಿಂತಾವ. ಮೂರನೇ ಸಾಲಿಂದು ಗಿಡ್ಡ ಐತಿ, ಆದರ ದಂಟು ನೋಡಬೇಕು ನೀ, ಕುಸ್ತಿ ಹುಡುಗನ ರಟ್ಟಿ ಇದ್ದಂಗ. ದೊಡ್ಡ ಫ್ಯಾನ್ ತಂದು ಗಾಳಿ ಬಿಟ್ಟು ನೋಡಿದರು. ಎಲ್ಲಾ ಸಾಲು ವಾಲಿದವು, ಇದು ಮಿಸುಕಲಿಲ್ಲ. ಯಂತ್ರ ಅಳದಿದ್ದ ಅಂಕಿ ನೋಡಿ ಭಾಗ್ಯಾ ಮೇಡಂ ಕುರ್ಚಿಲಿಂದ ಎದ್ದು ನಿಂತು, ‘ಕಾಕಾ, ಹೆಡ್ ಆಫೀಸಿನವರು ಇದನ್ನ ನಂಬೂದಿಲ್ಲ ನೋಡ್ರಿ' ಅಂದರು. ನಾ ಅಂದೆ, ‘ನಂಬೂದಿಲ್ಲ ಅಂದ್ರ ಬರಹೇಳ್ರಿ, ಫ್ಯಾನಿನ ಮುಂದ ಅವರನ್ನೂ ನಿಲ್ಲಿಸಿ ನೋಡೂನು.' ಭಾಳ ನಕ್ಕರು. ಅವರೂ ನನ್ನಂಗ ಕರಾರಿನ ಮ್ಯಾಲ ಇದ್ದವರು. ಈ ತಳಿ ಖಾತ್ರಿ ಆದರ ಕಾಯಂ ಮಾಡತಾರಂತ. ನನಗ ನೀನ ಪಾಸಾದಷ್ಟು ಖುಷಿ ಆತು.

ಖಾತ್ರಿ ಮಾಡಕೊಳ್ಳಾಕ ಅದ ತಳಿ ಡಿಸೆಂಬರ್ ಸುರುವಿಗಿ ಮತ್ತೊಮ್ಮೆ ಬಿತ್ತತಾರ. ಅದಕ್ಕ ಸಂಕ್ರಮಣದ ಮುಂದ ಎಂಟು-ಹತ್ತು ದಿನಾ ಹೆಚ್ಚುಕಡಿಮಿ ಆಗಬಹುದು. ಕುಬಸ ಅಷ್ಟು ಮುಂದ ಹಾಕಿದರ ನಿಮ್ಮ ಅತ್ತಿ ಉದ್ದವ್ವನವರು ಏನೂ ಅನ್ನಲಿಕ್ಕಿಲ್ಲ. ಹಿರೇರು, ತಿಳದವರು.

ಊಟಾ ಇಲ್ಲೆ ಮೆಸ್ಸಿನ್ಯಾಗ. ರೊಟ್ಟಿ ಬಡಿಯೂ ಹೆಣಮಗಳು ಸವದತ್ತಿ ಕಡಿಯಾಕಿ. ನಿಮ್ಮವ್ವನಷ್ಟು ತೆಳ್ಳಗ ಬಡಿಯಾಕ ಆಕಿಗಿ ಬರೂದಿಲ್ಲ. ಆದರೂ ಬಿಸಿ ಇರತಾವ.

ಯುವರ್ ಲವಿಂಗ್ ಫಾದರ್,
ಕಾಶಿನಾಥ


ಹುಕ್ಕೇರಿ
ತಾ. 1-12-2024

ಅಪ್ಪಾ, ಶರಣು.

ಕೆಂಚವ್ವ ಚಿಗವ್ವನ ಮಾತಿಗಿ ನೀ ಉತ್ತರಾ ಬರದಿಲ್ಲ. ಮರತಿರಬೇಕು.

ನಿನ್ನ ಜೋಳದ ಸುದ್ದಿ ಓದಿದೆ. ಓದಿ ನಿನ್ನ ಮೊದಲಿನ ಕಾಗದ ಹುಡಕಿ ತಗದೆ. ಅಪ್ಪಾ, ಕಾಲದಾರಿ ಬಾಜೂ ಇರೂದು ಮೂರನೇ ಸಾಲು ಅಂತ ಮೊದಲಿನ ಕಾಗದದಾಗ ಬರದಿ. ಅದರ ಮ್ಯಾಲ ಅಂಗೈ ಆಡಿಸಿಕೋತ ಹೋಗತೇನಿ ಅಂತಲೂ ಬರದಿ. ಉಳದ ಸಾಲಿಗಿ ನಿನ್ನ ಕೈ ನಿಲುಕೂದಿಲ್ಲ. ಹಿತ್ತಲದಾಗ ಅವ್ವ ಮೆಣಸಿನ ಅಗಿ ಹಾಕಿದಾಗ ನೀ ಹೋಗುವಾಗ ಬರುವಾಗ ಮುಟ್ಟತಿದ್ದಿ, ಅವ್ವ ‘ನಿಮ್ಮ ಕೈ ಹತ್ತಿ ಅವು ಏಳವಲ್ಲವು' ಅಂತ ಬೈತಿದ್ದಳು. ನಾವು ನಗತಿದ್ವಿ. ಸಾಲ್ಯಾಗ ಪಾಠಾ ಹೇಳುವಾಗ ನಾನೂ ಓದೇನಿ, ದಿನಾ ಮುಟ್ಟಿಸಿಕೊಂಡ ಗಿಡ ಗಿಡ್ಡಾಗಿ ದಂಟು ದಪ್ಪಾಗತೈತಂತ. ಗಾಳಿಗಿ ಒಗ್ಗಿದಂಗ.

ತಳಿ ಚೊಲೋ ಇದ್ದರ ಭಾಗ್ಯಾ ಮೇಡಂ ಪುಣ್ಯಾ. ಆದರ ನೀ ಅವರಿಗಿ ಹೇಳಿಯೇನು? ಹೇಳು. ಹೇಳಿದರ ಎರಡನೇ ಸಲ ಬಿತ್ತೂದೂ ಬೇಕಾಗೂದಿಲ್ಲ, ನೀನೂ ಸಂಕ್ರಮಣಕ್ಕ ಹೊರಗ ಬರತಿ.

ಶೈಲಾ


ಮೂಡಲಗಿ
ತಾ. 6-12-2024

ಶೈಲಾ,

ಇಷ್ಟೆಲ್ಲಾ ಯಂತ್ರ ಕುಂಡರಿಸಿದವರಿಗಿ ತಿಳೀದ್ದು ನಿನಗ ಹುಕ್ಕೇರ್ಯಾಗ ಕುಂತು ತಿಳೀತೇನು. ಅಂಗೈ ಆಡಿಸಿದರ ಜೋಳ ಗಿಡ್ಡ ಆಗತಿದ್ದರ ನಮ್ಮಪ್ಪನ ಹೊಲದಾಗ ಬರೇ ಗಿಡ್ಡ ಜೋಳ ಬೆಳೀಬೇಕಿತ್ತು. ಕಾಗದ ಆಫೀಸಿನ ಟಪಾಲಿನ ಪೆಟ್ಟಿಗ್ಯಾಗ ಬೀಳತಾವ, ಯಾರರ ಒಡದು ಓದಿದರ ಆ ಹೆಣಮಗಳ ನೌಕರಿ ಏನಾಗಬೇಕು. ಇನ್ನ ಇಂಥಾದ್ದು ಬರೀಬ್ಯಾಡ.

ಹೊತ್ತಿಗಿ ಸರಿಯಾಗಿ ಉಣ್ಣು.

ಕಾಶಿನಾಥ


ಮೂಡಲಗಿ
ತಾ. 30-12-2024

ಶೈಲಾ,

ನಿನ್ನ ಉತ್ತರಾ ಬರಲಿಲ್ಲ. ಬರೂ ಹಂಗ ನಾನೂ ಬರದಿದ್ದಿಲ್ಲ.

ಹೊಸಾದು ಬಿತ್ತಿದ ಮ್ಯಾಲ ನಾ ಎರಡೂ ಕೈ ಬೆನ್ನ ಹಿಂದ ಕಟಗೊಂಡು ಅಡ್ಡಾಡಿದೆ. ಸಾಲಿ ಇನಸ್ಪೆಕ್ಟರ್ ಬಂದಂಗ. ನಿನ್ನ ಮಾತು ಸುಳ್ಳಂತ ತೋರಸಬೇಕಾಗಿತ್ತು ನನಗ. ಮೂರನೇ ಸಾಲು ಮೊಳಕಿ ಬಿಟ್ಟು, ನಾಕು ಎಲಿ ಒಡದು, ಉಳದ ಸಾಲಿನ ಜೋಡಿ ಸರೀ ಎತ್ತರ ಎದ್ದು ಸಣಕಲಾಗಿ ನಿಂತಿತು. ಹೆನ್ಸ್ ಪ್ರೂವ್ಡ್, ನಿನ್ನ ಮಾತ ಖರೆ.

ಕ್ಯಾಮರಾ ಕೋಣ್ಯಾಗ ಮೇಡಂ ಅಂಕಿ ನೋಡಕೋತ ಕುಂತಿದ್ದರು. ಮುಖ ಇಳದಿತ್ತು.

‘ಮೇಡಂ, ಹ್ವಾದ ಸಲದ ಮೂರನೇ ಸಾಲಿಗಿ ನಾ ಕೈ ಆಡಸತಿದ್ದೆ' ಅಂದೆ.

‘ಅಂದ್ರ?'

‘ಹೋಗುವಾಗೊಮ್ಮೆ, ಬರುವಾಗೊಮ್ಮೆ. ದಿನಾ.'

‘ಯಾವಾಗಿಂದ?'

‘ಮೊಳಕಿ ಎದ್ದಾಗಿಂದ್ರಿ.'

ಕನ್ನಡಕ ತಗದು ಮೇಜಿನ ಮ್ಯಾಲ ಇಟ್ಟರು. ‘ಎಷ್ಟು ಕ್ಯಾಮರಾ ಅದಾವ ಕಾಕಾ ಇಲ್ಲೆ. ಎಲ್ಲಾ ಗಿಡದ ಕಡೆ ಮುಖಾ ಮಾಡಿ ನಿಂತಾವ. ನಿಮ್ಮನ್ನ ಒಂದೂ ನೋಡಿಲ್ಲ' ಅಂದರು. ಮತ್ತ, ‘ಯಾರಿಗೆ ಹೇಳೀರಿ?' ಅಂತ ಕೇಳಿದರು. ಮಗಳಿಗಿ ಅಂದೆ. ಆಕಿನ ಮೊದಲ ತಿಳಕೊಂಡಾಕಿ ಅನ್ನೂದನ್ನೂ ಹೇಳಿದೆ.

ಬೈದರ ಬೈಯಲಿ, ಗೇಟಿನ ಹೊರಗ ಹಾಕಲಿ, ಸಂಕ್ರಮಣಕ್ಕ ನೀಟಾಗಿ ಮನೀಗಿ ಹೋಗೂನು ಅಂತ ತಯಾರಾಗಿ ನಿಂತಿದ್ದೆ. ಅವರು ಮುಚ್ಚಿಡಲಿಲ್ಲ, ಇದ್ದದ್ದು ಇದ್ದಂಗ ಹೆಡ್ ಆಫೀಸಿಗಿ ಬರದರು. ಅಲ್ಲಿಂದ ಬಂದ ಉತ್ತರಾ ಕೇಳಿದರ ನಿನಗ ನಗು ಬರತೈತಿ. ‘ತಳಿ ಅಲ್ಲ, ಕೈ ಕಾರಣ ಅಂದ್ರ ಕೈಯನ್ನ ಪರೀಕ್ಷಾಕ್ಕ ಹಚ್ಚರಿ' ಅಂತ. ಈಗ ಎಲ್ಲಾ ತಳಿದೂ ಅರ್ಧ ಕುಂಡಕ್ಕ ನಾ ದಿನಾ ಅಂಗೈ ಆಡಿಸಬೇಕು, ಉಳದ ಅರ್ಧ ಮುಟ್ಟಬಾರದು. ಅದ ಕೈ, ಅದ ಎತ್ತರ, ಅದ ಹೊತ್ತು. ಬ್ಯಾರೆದವರು ಮಾಡೂ ಹಂಗಿಲ್ಲ. ಉಂಗುರಾ ತಗಿಸ್ಯಾರ. ಸಾಬೂನು ಇಂಥಾದ್ದ ಹಚ್ಚಬೇಕಂತ. ಯಂತ್ರದಾಗ ಕುಂಡಕ್ಕಿದ್ದಂಗ ನನ್ನ ಕೈಗೂ ಒಂದು ನಂಬರ್ ಕೊಟ್ಟಾರ. ನಾಕು ಮಂದಿ ಕೋಟು ಹಾಕಿದವರು ನನ್ನ ಅಂಗೈ ಹಿಡದು ನೋಡಿ ಹೋದರು. ಕಾಲೇಜಿನ್ಯಾಗ ನಾನು ಬಾಟನಿ ಪ್ರಾಕ್ಟಿಕಲ್ ಫೇಲಾದವ, ಗೊತ್ತೈತಲ್ಲ.

ಇದು ಮಾರ್ಚ್ ಮುಗಿಯೂತನಕಾ ಐತಿ. ಸಹಿ ಮಾಡಿದೆ. ಅಂಡರ್ ಸಚ್ ಸರ್ಕಮ್‌ಸ್ಟನ್ಸಸ್ ನಾ ಏನ ಮಾಡಬೇಕು ಹೇಳು. ಮೇಡಂ ಖರೆ ಹೇಳಿ ಸಿಕ್ಕೊಂಡಾರ, ನಾ ಹೆಂಗ ಬಿಟ್ಟು ಬರಲಿ.

ನಿಮ್ಮಪ್ಪ
ಕಾಶಿನಾಥ


ಹುಕ್ಕೇರಿ
ತಾ. 5-1-2025

ಅಪ್ಪಾ,

ಸಹಿ ಮಾಡುವಾಗ ನನಗ ಮಾರ್ಚಿಗಿ ದಿನಾ ತುಂಬತಾವ ಅನ್ನೂದು ನಿನಗ ನೆನಪಿತ್ತೇನು? ಇತ್ತಂದ್ರ ಒಂದು ಸಂಕಟ, ಇದ್ದಿದ್ದಿಲ್ಲ ಅಂದ್ರ ಇನ್ನೊಂದು. ಯಾವದು ಅಂತ ಬರೀಬ್ಯಾಡ.

ನಿನ್ನೆ ಮಸಗುಪ್ಪಿಗಿ ಫೋನ್ ಹಚ್ಚಿದ್ದೆ. ಬಾಣಂತನದ ಮಾತು ತಗದರ ಕೆಂಚವ್ವ ಚಿಗವ್ವ, ‘ನನ್ನ ಯಾರು ಕೇಳ್ಯಾರವಾ? ಅಕ್ಕ ಹ್ವಾದ ಮ್ಯಾಲ ನಿಮ್ಮಪ್ಪ ನನ್ನ ಹೊಸ್ತಿಲಾ ತುಳದಿಲ್ಲ. ಬಸ್ಸಿನ್ಯಾಗ ಎದುರಿಗಿ ಸಿಕ್ಕರ ಕಿಡಕಿ ಕಡೆ ಮುಖಾ ತಿರುವಿದ' ಅಂದಳು. ಎರಡು ತಿಂಗಳ ಮ್ಯಾಲಾತು ನಾ ಇಲ್ಲೆ ಅತ್ತಿಯಾರ ಮುಂದ ಚಿಗವ್ವ ಬರತಾಳ, ಚಿಗವ್ವ ಬರತಾಳ ಅನಕೋತ ಕುಂತೇನಿ.

ಅಲ್ಲಪಾ, ಶೆಟ್ಟೆಪ್ಪ ಕೀಲಿ ಹಾಕೂದು ಫೋನಿಗಿ. ಗೇಟಿಗಿ ಹಾಕತಾನೇನು? ಮೊದಲ ಬೆಳಿ ಬಿಡವಲ್ಲದು ಅಂದಿ, ಆಮ್ಯಾಲ ಮೇಡಂ ನೌಕರಿ ಅಂದಿ, ಈಗ ಕೈ ಅಂತಿ. ಅವ್ವ ಇಲ್ಲದ ಮನಿ ಬಾಗಲಾ ತಗ್ಯಾಕ ನಿನಗ ಆಗವಲ್ಲದು. ಅಷ್ಟ ಬರದಿದ್ದರ ನಾ ತಿಳಕೊಂತಿದ್ದೆ. ನನಗೂ ಆ ಪಡಸಾಲಿ ದಾಟೂದು ಸುಲಭ ಅಲ್ಲ.

ಶೈಲಾ


ಮೂಡಲಗಿ
ತಾ. 15-1-2025

ಶೈಲಾ,

ನಿನ್ನೆ ಸಂಕ್ರಮಣ. ಮೆಸ್ಸಿನ್ಯಾಗ ಎಳ್ಳು ಹಚ್ಚಿದ ಸಜ್ಜಿರೊಟ್ಟಿ, ಮಾದಲಿ ಮಾಡಿದ್ದರು. ಉಂಡು ಗೇಟಿನ ಕಡೆ ಹೋದೆ.

‘ಹೊರಗ ಹೊಂಟೀರೇನು ಕಾಕಾ? ಫೋನ್ ತಗೀಲೇನು?' ಅಂದ ಶೆಟ್ಟೆಪ್ಪ.

‘ಸುಮ್ನ ಬಂದೇನಿ' ಅಂದೆ.

‘ಸುಮ್ನ ಬರಾಕ ಇದೇನು ಹೊಳಿ ದಂಡೀನ' ಅಂತ ಎರಡು ಎಳ್ಳುಂಡಿ ಕೈಯಾಗ ಹಾಕಿದ. ತಿಂದು ಹೊಳ್ಳಿ ಬಂದೆ. ಗೇಟು ತಗದ ಇತ್ತು. ನಿನ್ನ ಮಾತು ಖರೆ ಐತಿ.

ನಿಮ್ಮವ್ವ ಹ್ವಾದ ಮ್ಯಾಲ ನಾ ಆ ಮನ್ಯಾಗ ಒಲಿ ಹಚ್ಚಿಲ್ಲ. ಖಾನಾವಳಿ ಡಬ್ಬಿ ತರಿಸಿ ಕಟ್ಟಿ ಮ್ಯಾಲ ಕುಂತು ಉಣತಿದ್ದೆ. ಬಾಣಂತಿಗಿ ನೀರು ಹೆಂಗ ಕಾಸತಾರ, ಅಂಟಿನುಂಡಿಗಿ ಏನೇನ ಹಾಕತಾರ, ಕೂಸು ಅತ್ತರ ಯಾವದಕ್ಕ ಅಳತೈತಿ, ಇದನ್ನೆಲ್ಲಾ ಕೆಂಚವ್ವನ್ನ ಕೇಳಬೇಕು. ಆಕಿ ಮುಖಾ ನೋಡಿದರ ನಿಮ್ಮವ್ವನ ಮೂಗು, ನಿಮ್ಮವ್ವನ ಹಣಿ. ಹೆಂಗ ಕೇಳಲಿ. ಇಲ್ಲೆ ಆದರ ಯಾರೂ ನನ್ನ ಏನೂ ಕೇಳೂದಿಲ್ಲ. ಕೈ ಆಡಸಂತಾರ, ಆಡಸತೇನಿ. ನಂಬರ್ ಅದಕ್ಕೈತಿ, ನಾ ಅದರ ಹಿಂದ ಅಡ್ಡಾಡತೇನಿ. ಮೊದಮೊದಲ ಜೋಳದ ಎಲಿ ಅಂಚು ಹತ್ತಿದರ ಖುಷಿ ಆಗತಿತ್ತು, ಈಗ ಅಂಗೈ ಉರಿತೈತಿ.

ನಿನ್ನ ಕಾಗದ ಓದಿ ಮೇಡಂಗ ರಜಾ ಕೇಳಿದೆ. ನಡುವ ಎರಡು ದಿನಾ ಬಿಟ್ಟರ ಎಲ್ಲಾ ಕುಂಡದ ಲೆಕ್ಕಾ ಕೆಡತೈತಿ ಅಂದರು. ಶೆಟ್ಟೆಪ್ಪನ ಕೈ ಹಚ್ಚಿ ನೋಡೂನು ಅಂದೆ, ನೋಡಿದರು. ಎಮ್ಮಿ ಮೈ ತಿಕ್ಕಿದಂಗ ತಿಕ್ಕಿದ, ಒಂದು ಸಾಲಿನ ಎಲಿ ಹರದು ಬಂದವು. ಮೇಡಂ, ‘ಬ್ಯಾಡೋ ಮಾರಾಯಾ' ಅಂದರು. ಕೈ ಬದಲಿ ಒಂದು ಬ್ರಶಿನ ಯಂತ್ರ ಮಾಡಿಸಾಕ ಹಾಕ್ಯಾರಂತ, ಬರೂದು ಯಾವಾಗೋ.

ಸೀರಿ ಖಣ ಅಳಿಯದೇವರಿಗಿ ಹೇಳಿ ನನ್ನ ಹೆಸರಿಲೆ ತರಿಸಿಕೋ. ಕುಬಸ ತಡಾ ಮಾಡಬ್ಯಾಡ್ರಿ.

ಕಾಶಿನಾಥ


ಹುಕ್ಕೇರಿ
ತಾ. 12-2-2025

ಅಪ್ಪಾರಿಗಿ ಶರಣು.

ಕುಬಸ ಆತು. ಚಿಗವ್ವ ಯಾರೂ ಕರೀದ ತಾನ ಹಸರು ಸೀರಿ, ಖಣ, ಬಳಿ ಹಿಡಕೊಂಡು ಬಂದಿದ್ದಳು. ನಿಮ್ಮ ಹೆಸರು ತಗೀಲಿಲ್ಲ. ನಮ್ಮ ಅತ್ತಿಯಾರೂ ತಗೀಲಿಲ್ಲ.

ನಾ ತವರಿಗಿ ಬರೂದು ಇನ್ನ ಆಗೂದಿಲ್ಲ. ಬಿ.ಪಿ. ಏರೈತಿ. ಡಿಸೆಂಬರದಾಗ ಗೊತ್ತಾಗಿತ್ತು, ನೀವು ಸುಮ್ನ ಗಾಬರಿ ಆಗತೀರಿ ಅಂತ ಬರದಿದ್ದಿಲ್ಲ. ಸಾಲಿ ಬಿಡಿಸ್ಯಾರ. ಬಸ್ಸು ಹತ್ತಬಾರದು, ಮನಿ ಬಿಟ್ಟು ದೂರ ಹೋಗಬಾರದು, ಎಡಕಿನ ಮಗ್ಗಲಾಗಿ ಮಲಗಿ ಇರಬೇಕು ಅಂತ ಡಾಕ್ಟರು ಹೇಳ್ಯಾರ. ಹಿಂಗಾಗಿ ಕೌಜಲಗಿ ಮನಿ ತಗಿಯೂದು, ಸಾರಿಸೂದು ಯಾವದೂ ಬೇಕಾಗಿಲ್ಲ. ನಿಮ್ಮ ಕೆಲಸಾ ಮಾರ್ಚ್ ಮುಗಿಯೂತನಕಾ ಐತಿ, ಆರಾಮಾಗಿ ಮುಗಿಸಿ ಬರ್ರಿ. ಅವಸರಾ ಮಾಡಬ್ಯಾಡ್ರಿ. ಇಲ್ಲೆ ಎಲ್ಲಾರೂ ನೋಡಕೊಂತಾರ.

ನಿಮ್ಮ ಕೈಗಿ ಎಣ್ಣಿ ಹಚ್ಚಿಕೊಳ್ರಿ.

ಶೈಲಾ


ಮೂಡಲಗಿ
ತಾ. 17-2-2025

ಶೈಲಾ,

ನೀ ಬೈದಿದ್ದರ ನಾ ಇನ್ನೂ ನಾಕು ದಿನಾ ಇಲ್ಲೆ ಕುಂತಿರತಿದ್ದೆ. ‘ಆರಾಮಾಗಿ ಬರ್ರಿ' ಅಂತ ಪರ ಊರಿನವರಿಗಿ ಹೇಳಿದಂಗ ಹೇಳಿದಿ. ಅದನ್ನ ಓದಿದ ಮ್ಯಾಲ ಉಣ್ಣಾಕ ಹೋಗಲಿಲ್ಲ. ಕಾಲು ಬಾತಾವ ಅಂತ ದೀಪಾವಳಿ ಮುಂದ ನೀ ಬರದಿದ್ದಿ, ಅದರ ಉತ್ತರಕ್ಕ ನಾ ಜೋಳದ ದಂಟಿನ ಸುದ್ದಿ ಬರದು ಕಳಿಸಿದೆ.

ಮುಂಜಾನೆ ಮೇಡಂ ಹಂತೇಕ ಹೋಗಿ ನಾಳಿ ಹೊಂಟೇನ್ರಿ ಅಂದೆ.

‘ಮಾರ್ಚ್ ತನಕಾ ಸಹಿ ಮಾಡೀರಿ ಕಾಕಾ.'

‘ಮಾಡೇನ್ರಿ.'

‘ನೀವು ನಡುವ ಹೋದ್ರ ಪ್ರಯೋಗ ಅರ್ಧಕ್ಕ ನಿಂತಿತು ಅಂತ ನನ್ನ ಹೆಸರಿನ ಮುಂದ ಬರೀತಾರ. ಎರಡು ಸಲ ಆತು ಅಂತಾರ. ಆಮ್ಯಾಲ ನನ್ನ ಇಟಗೊಂತಾರೇನು?'

‘ಇಲ್ರಿ.'

‘ಗೊತ್ತಿದ್ದೂ ಹೊಂಟೀರಿ.'

ಆಗ ಹೇಳಿದೆ. ನಿನ್ನ ಬಿ.ಪಿ., ಎಂಟು ತುಂಬಿದ್ದು, ಚೊಚ್ಚಲ ಅನ್ನೂದು, ನಿಮ್ಮವ್ವ ಇಲ್ಲ ಅನ್ನೂದು. ಅವರು ನನ್ನ ಮುಖಾನ ನೋಡಿದರು. ‘ನಾಕು ತಿಂಗಳಾತು ದಿನಾ ಜೋಡೀಲೆ ಚಾ ಕುಡಿತೇವಿ. ಮಗಳು ಬಸರದಾಳ ಅಂತ ಒಂದಿನ ಅಂದಿಲ್ಲಲ್ರಿ. ರಜಾ ಕೇಳಿದಾಗಲೂ ಮನೀ ಕೆಲಸಾ ಅಂದಿರಿ. ಅವಾಗ ಹೇಳಿದ್ದರ ಹೊಸಾ ಕೈ ಇಟಗೊಂಡು ಹೊಸದಾಗಿ ಸುರು ಮಾಡತಿದ್ವಿ. ಈಗ ಹೊತ್ತು ಮೀರೈತಿ' ಅಂದರು. ಸಿಟ್ಟು ಬಂದಿತ್ತು. ಬರಬೇಕಾದ್ದ. ಕಂಪ್ಯೂಟರಿನ ಪಡದೆ ಕಡೆ ಮುಖಾ ತಿರುವಿ ನಾಳಿಯಿಂದ ನನ್ನ ನಂಬರಿನ ಮುಂದ ಖಾಲಿ ಬಿಡಾಕ ಏನೋ ಒತ್ತಾಕ ಹತ್ತಿದರು. ನಾ ಹೊರಗ ಬಂದೆ. ಅವರ ನೌಕರಿ ಉಳೀತೈತೋ ಇಲ್ಲೋ ನನಗ ಗೊತ್ತಿಲ್ಲ. ಅದು ನನ್ನ ಕೊಳ್ಳಾಗ ಇರತೈತಿ.

ಕೌಜಲಗಿ ಮನಿ ತಗಿಯೂದಿಲ್ಲ. ನಾಳಿ ಮೊದಲಿನ ಬಸ್ಸಿಗಿ ಮಸಗುಪ್ಪಿಗಿ ಹೋಗತೇನಿ. ಕೆಂಚವ್ವ ಬೈತಾಳ, ಹೊಸ್ತಿಲದಾಗ ನಿಂತು ಬೈಸಿಕೊಂಡು ಆಕಿನ್ನ ಕರೀತೇನಿ. ಬಂದಳಂದ್ರ ಇಬ್ಬರೂ ಗೋಕಾಕದಾಗ ಬಸ್ಸು ಬದಲಿ ಮಾಡಿ ಬರತೇವಿ. ಬರಲಿಲ್ಲಂದ್ರ ನಾ ಒಬ್ಬನ ಬರತೇನಿ. ನೀ ತವರಿಗಿ ಬರಾಕ ಆಗೂದಿಲ್ಲ ಅಂದ್ರ ತವರು ಎಲ್ಲೆರ ಇರಲಿ, ಅದ ಬಸ್ಸು ಹತ್ತಿ ನಿನ್ನ ಕಡೆ ಬರಬೇಕು.

ಮಗಳನ್ನ ಕೊಟ್ಟ ಮನ್ಯಾಗ ಅಪ್ಪ ಆದವ ತಿಂಗಳಗಟ್ಟಲೆ ಕುಂಡರೂದು ನಮ್ಮಾಗ ಇಲ್ಲ, ಗೊತ್ತೈತಿ. ಉದ್ದವ್ವನವರು ಒಳಗ ಬರಗೊಟ್ಟರ ಚೊಲೋ, ಇಲ್ಲಂದ್ರ ಓಂಕಾರನ ಅಂಗಡ್ಯಾಗ ಸುರುಳಿ ತಂತಿ ನಡುವ ಮಲಗತೇನಿ. ನೀರು ಎಷ್ಟು ಕಾಯಬೇಕು ಅನ್ನೂದು ನನಗ ತಿಳಿಯೂದಿಲ್ಲ, ನಿಮ್ಮ ಅತ್ತಿಯಾರು ಸಾಕು ಅನ್ನೂತನಕಾ ಉರಿ ಹಾಕತೇನಿ. ಅರಿವಿ ಒಗೀತೇನಿ. ದವಾಖಾನಿಗಿ ಓಡಾಡತೇನಿ. ಅವರು ಏನಂದರೂ ಅನಸಿಕೊಂತೇನಿ, ನೀ ನನ್ನ ಪರವಾಗಿ ಒಂದು ಮಾತೂ ಆಡಬ್ಯಾಡ, ಬಿ.ಪಿ. ಏರತೈತಿ.

ಶೆಟ್ಟೆಪ್ಪ ನಾಳಿ ಫೋನ್ ಕೊಡತಾನ. ಕೊಟ್ಟರೂ ಇಷ್ಟೆಲ್ಲಾ ಅದರಾಗ ಹೇಳಾಕ ನನಗ ಬರೂದಿಲ್ಲ, ಬರೇ ‘ಹಲೋ, ಹೆಂಗದಿ, ಇಡ್ಲಾ' ಅಂತೇನಿ. ಅದಕ್ಕ ಬರದೇನಿ. ಈ ಕಾಗದಕ್ಕಿಂತ ಮೊದಲ ನಾನ ಬಂದು ಮುಟ್ಟಿರತೇನಿ. ಬೈಯೂದಿದ್ದರ ನಾ ಕುಂತ ಮ್ಯಾಲ ಬೈ. ಬಾಗಲಾ ಮೊದಲ ತಗೀರಿ.

ಅಪ್ಪ